ಮಾಳಿಗೆಯಿಂದ ಬಿದ್ದವನ ಹೆಂಡತಿ

ನನ್ನ ಗಂಡ ಬಿದ್ದದ್ದು ವಿಮಾನದಿಂದ. ಊರಿನವರ ಪ್ರಕಾರ ಬಿದ್ದದ್ದು ಮಾಳಿಗೆಯಿಂದ. ಯಾರಾದರೂ ಹೊಸಬರು ಮನೆಗೆ ಬಂದು, ಗೋಡೆಗೆ ಒರಗಿ ಕೂತ ಆತನ ಕಾಲು ನೋಡಿ, 'ಏನಾಗಿತ್ರಿ ಪಾಪ?' ಎಂದು ಕೇಳಿದರೆ ನಾನು ಬಾಯಿ ತೆರೆಯುವ ಮೊದಲೇ ಓಣಿಯವರು ಯಾರೋ ಒಬ್ಬರು, 'ಮಾಳಿಗಿ ಮ್ಯಾಲಿಂದ ಬಿದ್ದಾನ್ರಿ' ಎಂದುಬಿಡುತ್ತಿದ್ದರು. ನಾನು ಚಹಾ ಮಾಡಲು ಒಳಗೆ ಹೋಗುತ್ತಿದ್ದೆ. ಹಾಗೆ ಹೇಳಿದವರ ಕಪ್ಪಿಗೆ ಸಕ್ಕರೆ ಹಾಕುತ್ತಿರಲಿಲ್ಲ. ನನ್ನ ಕೈಲಾದ ಸೇಡು ಅಷ್ಟೇ.

ಈಗ ಆತ ಇಲ್ಲ, ಅತ್ತೆ ಇಲ್ಲ, ಸಾವ್ಕಾರನೂ ಇಲ್ಲ. ಬಾಯಿ ಮುಚ್ಚು ಅನ್ನುವವರು ಯಾರೂ ಉಳಿದಿಲ್ಲ. ಆದ್ದರಿಂದ ಹೇಳುತ್ತೇನೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಹುನಗುಂದದ ಹುಡುಗಿ. ಇಳಕಲ್ಲಿನ ನೇಕಾರರ ಮನೆಗೆ ನನ್ನನ್ನು ಕೊಟ್ಟಿದ್ದರು. ಮನೆಯಲ್ಲಿ ಗಂಡ, ಅತ್ತೆ, ನಾನು ಮತ್ತು ಮಗ್ಗ. ಎಲ್ಲರಿಗಿಂತ ಹೆಚ್ಚು ಜಾಗ ಮಗ್ಗಕ್ಕೇ ಬೇಕಾಗಿತ್ತು. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ಅದು. ಮಗ್ಗ ನಮ್ಮದು, ನೂಲು ಮತ್ತು ರೇಷ್ಮೆ ಸಾವ್ಕಾರನದು. ಆತ ನೂಲು ಕೊಡಬೇಕು, ನಾವು ಸೀರೆ ನೇಯ್ದು ತಿರುಗಿ ಆತನಿಗೇ ಒಪ್ಪಿಸಿ ಕೂಲಿ ತರಬೇಕು. ನಮ್ಮ ಓಣಿಯ ಅಷ್ಟೂ ಮನೆಗಳದು ಇದೇ ಹಣೆಬರಹ. ಸಾವ್ಕಾರ ಯಾರ ಮೇಲಾದರೂ ಮುನಿದರೆ ಬೈಯುತ್ತಿರಲಿಲ್ಲ. 'ಈ ವಾರ ನೂಲ ಬಂದಿಲ್ಲಪಾ' ಅನ್ನುತ್ತಿದ್ದ. ಆ ಮನೆಯ ಒಲೆ ಆರಲು ಅಷ್ಟು ಸಾಕಿತ್ತು.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು. ನಮ್ಮಲ್ಲಿ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ. ಹೇಳಿದರೆ ಆತನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಿದ್ದರು. ರೇಷನ್ ಅಂಗಡಿಯಲ್ಲಾಗಲಿ ದವಾಖಾನೆಯಲ್ಲಾಗಲಿ 'ಗಂಡನ ಹೆಸರೇನವಾ?' ಎಂದು ಕೇಳಿದರೆ ನಾವು ಹಿಂದಕ್ಕೆ ತಿರುಗಿ ನೋಡುತ್ತಿದ್ದೆವು. ಹಿಂದೆ ನಿಂತವರು ಯಾರೋ ಒಬ್ಬರು ಹೇಳಿಬಿಡುತ್ತಿದ್ದರು. ಬರೆದುಕೊಳ್ಳುವವರಿಗೂ ಅದು ಗೊತ್ತಿದ್ದುದರಿಂದ ಅವರು ನಮ್ಮ ಮುಖ ಬಿಟ್ಟು ನಮ್ಮ ಹಿಂದಿನವರ ಮುಖವನ್ನೇ ನೋಡುತ್ತಿದ್ದರು. ನನ್ನ ಪಾಲಿಗೆ ಆ ಕೆಲಸ ಎದುರು ಮನೆಯ ಅಕ್ಕನದು. ನಾನು ತಿರುಗುವುದೇ ತಡ, ಆಕೆ ಹೆಸರಿನ ಜೊತೆಗೆ ಅಡ್ಡಹೆಸರನ್ನೂ ಸೇರಿಸಿ ಠಣ್ಣಂತ ಹೇಳುತ್ತಿದ್ದಳು. ಮದುವೆಯಲ್ಲೋ ಬಸುರಿಗೆ ಮಾಡುವ ಕುಬಸದಲ್ಲೋ ಮಾತ್ರ, ಒಡಪು ಕಟ್ಟಿ ಪ್ರಾಸದ ನಡುವೆ ಹೆಸರು ಬಚ್ಚಿಟ್ಟು ಹೇಳಬಹುದಿತ್ತು. ನಾನು ನನ್ನ ಮದುವೆಯಲ್ಲಿ ಹೇಳಿದ್ದೆ. ಯಾರಿಗೂ ಕೇಳಿಸಿಲ್ಲವೆಂದು ಇದೇ ಅಕ್ಕ ಕಿವಿ ಹಿಂಡಿ ಇನ್ನೊಮ್ಮೆ ಹೇಳಿಸಿದ್ದಳು.

ಮದುವೆಯಾದ ವರ್ಷ ಬನಶಂಕರಿಗೆ ಕಾಯಿ ಒಡೆಸಲು ಬಾದಾಮಿಗೆ ಹೋಗಿದ್ದೆವು. ಅತ್ತೆ ಕೆಳಗೆ ಕೆರೆಯ ಮೆಟ್ಟಿಲ ಮೇಲೆ ಕೂತಳು, ನಾವಿಬ್ಬರು ಕೋಟೆಯ ಗುಡ್ಡ ಹತ್ತಿದೆವು. ಮೇಲೆ ಹೋದದ್ದೇ ಆತ ನನ್ನ ಕೈ ಬಿಟ್ಟು ಕಟ್ಟಕಡೆಯ ಕಲ್ಲಿನ ತುದಿಗೆ ಹೋಗಿ ನಿಂತ. ಹೆಬ್ಬೆರಳು ಗಾಳಿಯಲ್ಲಿ. ಕೆಳಗೆ ಕೆರೆ. ನಾನು ದೂರದಲ್ಲೇ ಕೂತುಬಿಟ್ಟೆ. ಕೂತಲ್ಲೇ ಕಲ್ಲು ಹಿಡಿದುಕೊಂಡು ಕೂಗಿದೆ.

'ಈ ಕಡೆ ಬರ್ರಿ! ನನ್ನ ಜೀವಾ ತಗೀಬ್ಯಾಡ್ರಿ!'

'ಹೆಸರ ಹಿಡದು ಕರಿ, ಬರ್ತೇನಿ.'

'ಅಯ್ಯ, ನಿಮ್ಮ ಚ್ಯಾಷ್ಟಿಗೆ ಬೆಂಕಿ ಹಚ್ಚ. ಬರ್ರಿ ಅಂದ್ರ!'

'ಇಲ್ಲ್ಯಾರದಾರ ಕೇಳಾಕ? ಮಂಗ್ಯಾ ಅದಾವ ಅಷ್ಟ. ಒಮ್ಮೆ ಅಂದುಬಿಡು.'

ನಾನು ಅನ್ನಲಿಲ್ಲ. ಅಳಲು ಶುರುಮಾಡಿದೆ. ಆತ ನಗುತ್ತ ಬಂದು, ತನ್ನ ಟೊಪ್ಪಿಗೆಯಿಂದ ನನ್ನ ಮುಖ ಒರೆಸಿದ. ಎತ್ತರವೆಂದರೆ ಆತನಿಗೆ ಹುಚ್ಚು. ಹಗಲೆಲ್ಲ ಕುಣಿಯಲ್ಲಿ ಕಾಲಿಟ್ಟು ಕೂಡುವವನಿಗೆ ಅದು ಇರುತ್ತದೆಯೋ ಏನೋ.

ಆ ವರ್ಷ ಹತ್ತಿಗೆ ಹುಳ ಬಿದ್ದು, ಹುನಗುಂದದ ಕಡೆಯ ಹೊಲಗಳಿಗೆ ಔಷಧ ಹೊಡೆಯಲು ಒಂದು ವಿಮಾನ ಬಂತು. ನಮಗೂ ಹುನಗುಂದಕ್ಕೂ ನಡುವೆ ಒಂದು ಬಯಲನ್ನು ಸಪಾಟು ಮಾಡಿ ಅಲ್ಲಿ ಇಳಿಸುತ್ತಿದ್ದರು. ಹಾರಿಸುವವ ಹಿಂದಿ ಮಾತಾಡುವ, ಕರಿ ಕನ್ನಡಕದ ಮನುಷ್ಯ. ಹೊಡೆಯುವ ಕೆಲಸ ಮುಗಿದ ಮೇಲೆ ಮಂದಿಯನ್ನು ಕುಣಿಸಲು ಆಟ ತೋರಿಸುತ್ತಿದ್ದ. ಜೋಳದ ತೆನೆಗೆ ತಾಗುವಷ್ಟು ಕೆಳಗೆ ಬರುವುದು, ಮತ್ತೆ ಮೂಗು ಮೇಲೆ ಮಾಡಿ ನೆಟ್ಟಗೆ ಏರುವುದು, ಬೋರಲಾಗಿ ಹಾರುವುದು. ನಮ್ಮ ಜನ ಮಗ್ಗ ಬಿಟ್ಟು, ಬುತ್ತಿ ಕಟ್ಟಿಕೊಂಡು ನೋಡಲು ಹೋಗುತ್ತಿದ್ದರು. ಸಾಯುವ ಆಟ ನೋಡಲು ಯಾರಿಗೆ ಬೇಸರ ಹೇಳಿ, ಸಾಯುವವ ಬೇರೆಯವನಾಗಿದ್ದರೆ?

ಸಾವ್ಕಾರ ಆಗ ಬಾಗಲಕೋಟೆಯ ಪೇಟೆಯಲ್ಲಿ ಹೊಸ ಸೀರೆ ಅಂಗಡಿ ತೆರೆಯುವವನಿದ್ದ. ಒಂದು ದಿನ ನಮ್ಮ ಮನೆಗೆ ಬಂದು, ಮಗ್ಗದ ಪಕ್ಕ ಚಾಪೆಯ ಮೇಲೆ ಕೂತ. ಆತ ನಮ್ಮ ಮನೆಯಲ್ಲಿ ಕೂತದ್ದು ಅದೇ ಮೊದಲು.

'ಮೈಕಿನ ಭೋಂಗಾ ಹಚ್ಚಿ ಒದರೂದು ಎಲ್ಲಾರೂ ಮಾಡ್ತಾರ,' ಎಂದ. 'ನಾ ಸೀರೀನ ಆಕಾಶದಾಗ ಹಾರಸ್ತೇನಿ. ಇಳಕಲ್ಲು, ಹುನಗುಂದ, ಬಾಗಲಕೋಟಿ ಮೂರೂ ಊರ ಮಂದಿ ಕತ್ತ ಎತ್ತಿ ನೋಡಬೇಕು. ಅಂಥಾ ಉದ್ದಂದು ಒಂದು ಸೀರಿ ನೇಯ್ದ ಕೊಡು. ನಿನ್ನ ಕೈ ಚಲೋ ಐತಿ.'

'ವಿಮಾನದಾಗಿಂದ ಅದನ್ನ ಬಿಡವ್ರ್ಯಾರ್ರಿ?' ಎಂದು ಗಂಡ ಕೇಳಿದ. ಕೇಳಿದ ದನಿಯಲ್ಲೇ ನನಗೆ ಗೊತ್ತಾಯಿತು. ಈತನೇ ಹೋಗುವವ.

'ಮಡಿಕಿ ಬಿಚ್ಚಿ ಬಿಡಾಕ ಬಟ್ಟಿ ತಿಳದಾಂವ ಬೇಕಲ್ಲಪಾ. ಇಲ್ಲಂದ್ರ ಗೋಜಲಾಕ್ಕೈತಿ. ಹಿಂದ ಔಷಧದ ಡಬ್ಬಿ ಇಡೂ ಜಾಗಾ ಐತಿ, ಅಲ್ಲಿ ಕೂಡಬೇಕು.'

ಮರುದಿನವೇ ಈತ ಬಯಲಿಗೆ ಹೋಗಿ ಆ ಜಾಗ ನೋಡಿ ಬಂದ. 'ನಮ್ಮ ಮಗ್ಗದ ಕುಣಿ ಇದ್ದಂಗ ಐತಿ,' ಎಂದು ಖುಷಿಯಿಂದ ಹೇಳಿದ. ಕೂಡಲು ಆಸನವಿಲ್ಲ, ಸೊಂಟಕ್ಕೆ ಪಟ್ಟಿ ಇಲ್ಲ. ಅದನ್ನೂ ಖುಷಿಯಿಂದಲೇ ಹೇಳಿದ.

ಹಾರಿಸುವವ ಒಂದು ಮಾತು ಹೇಳಿ ಕಳಿಸಿದ್ದ. ಸೀರೆಯ ಸೆರಗಿನ ತುದಿಯನ್ನು ಹಗ್ಗದಿಂದ ವಿಮಾನಕ್ಕೆ ಬಿಗಿಯುತ್ತೇನೆ, ಸೆರಗಿನ ಹಿಂದೆ ಒಡಲು ಹಾರುತ್ತದೆ. ಅವೆರಡೂ ಕೂಡುವ ಜಾಗ ಸಡಿಲ ಇರಬೇಕು, ಬಟ್ಟೆ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿಗೆ ಹರಿದು ಹೋಗಬೇಕು ಎಂದು. ಈಗ ನೋಡಿ, ಇಳಕಲ್ ಸೀರೆಯ ಒಡಲು ಹತ್ತಿಯದು, ಸೆರಗು ಕೆಂಪು ರೇಷ್ಮೆಯದು. ಒಡಲಿನ ಒಂದೊಂದು ಎಳೆಯನ್ನು ಸೆರಗಿನ ಒಂದೊಂದು ಎಳೆಯೊಳಗೆ ಸಿಕ್ಕಿಸಿ ಕೂಡಿಸುತ್ತೇವೆ. ಅದಕ್ಕೆ ಕೊಂಡಿ ಅನ್ನುತ್ತೇವೆ. ನಮ್ಮ ಸೀರೆಯ ಮಾನವೆಲ್ಲ ಆ ಕೊಂಡಿಯಲ್ಲಿ. ಉಡುವವಳ ಆಯುಷ್ಯವಿಡೀ ಸೆರಗು ಒಡಲನ್ನು ಬಿಡಬಾರದು.

'ಸಡಲ ಹಾಕಬೇಕಂತ,' ಎಂದ ಗಂಡ.

ಅತ್ತೆ ಕೈಯಲ್ಲಿದ್ದ ನೂಲು ಕೆಳಗಿಟ್ಟಳು. 'ಸೆರಗ ಹರಕೊಂಡು ಊರ ಮ್ಯಾಲ ಬೀಳೂ ಸೀರಿ ನಮ್ಮ ಮಗ್ಗದಾಗಿಂದ ಹೋಗಬೇಕೇನೋ? ಮುತ್ತೈದಿ ಇರೂ ಮನ್ಯಾಗ ಅಂಥಾದ್ದು ಮಾಡ್ತಾರೇನು? ನಿಮ್ಮಪ್ಪ ಇದ್ರ ಚಪ್ಪಲಿ ತಗೊಂತಿದ್ದ.'

'ನಾನೂ ಅದನ್ನ ಅಂದೆಬೇ, ನನ್ನ ಕೈಲೆ ಸಡಲ ಬರೂದಿಲ್ಲ,' ಎಂದು ಈತ ನಕ್ಕ.

ಮೂವರೂ ಕೂತು ಕೊಂಡಿ ಹಾಕಿದೆವು. ಜಗ್ಗಿ ಜಗ್ಗಿ ನೋಡಿ, ಮತ್ತೆ ಬಿಗಿ ಮಾಡಿ ಹಾಕಿದೆವು. ಹಾರಿಸುವವನಿಗೆ, 'ಹಾಂ ಸಾಬ್, ಸಡಲ ಐತಿ' ಎಂದು ಹೇಳಿ ಕಳಿಸಿದ್ದಾಯಿತು. ಕೆಟ್ಟ ಕೆಲಸ ಮಾಡಲು ನಮ್ಮ ಕೈಗಳಿಗೆ ಯಾರೂ ಕಲಿಸಿರಲಿಲ್ಲ. ಹೊರಗಿನವನೊಬ್ಬ ಬಂದು ಹೇಳಿದ ಕೂಡಲೆ ಕಲಿಯುವುದು ಹೇಗೆ?

ಹಾರುವುದಕ್ಕೆ ಮೊದಲು ಸರ್ಕಾರದ ಸಾಹೇಬನೊಬ್ಬ ಬಂದ. ವಿಮಾನಗಳು ಕಾಯಿದೆ ಪ್ರಕಾರ ಹಾರುತ್ತವೆಯೋ ಇಲ್ಲವೋ ಎಂದು ತಪಾಸಣೆ ಮಾಡುವುದೇ ಆತನ ನೌಕರಿಯಂತೆ. ಬಯಲಿನ ವಿಮಾನದ ಆಟದ ಸುದ್ದಿ ಆತನ ಕಿವಿಗೆ ಬಿದ್ದಿತ್ತು. ಊಟಕ್ಕೆ ಸಾವ್ಕಾರನ ಮನೆಯೇ. ದೊಡ್ಡವರು ಬಂದಾಗ ಅಲ್ಲಿ ರೊಟ್ಟಿ ಬಡಿಯಲು ಓಣಿಯ ಹೆಂಗಸರನ್ನು ಕರೆಸುತ್ತಿದ್ದರು, ಆ ಸಲ ನಾನೂ ಇದ್ದೆ. ನಮ್ಮ ಹಿಂದಿನ ಓಣಿ ತುಂಬ ಸಾಬರ ಮನೆಗಳೇ, ಹಾಗಾಗಿ ಹಿಂದಿ ಅರ್ಧಮರ್ಧ ನನಗೆ ತಿಳಿಯುತ್ತಿತ್ತು. ಸಾಹೇಬ ಮೊದಲು ಗಂಭೀರವಾಗಿಯೇ ಇದ್ದ. ಊರ ಮೇಲೆ ಕೆಳಗಿಳಿದು ಹಾರುವಂತಿಲ್ಲ, ಹಿಂದೆ ಏನನ್ನೂ ಕಟ್ಟುವಂತಿಲ್ಲ, ಹಾರಿಸುವವನನ್ನು ಬಿಟ್ಟು ಇನ್ನೊಂದು ನರಪಿಳ್ಳೆ ಅದರಲ್ಲಿ ಕೂಡುವಂತಿಲ್ಲ ಎಂದ. ಪುಣ್ಯಾತ್ಮನಿಗೆ ಎಲ್ಲ ಗೊತ್ತಿತ್ತು! ನನಗೆ ಆತನ ಕಾಲು ಮುಟ್ಟಬೇಕೆನ್ನಿಸಿತು. ಇನ್ನೊಂದು ಬಿಸಿ ರೊಟ್ಟಿ ತಂದು ಬಡಿಸಿದೆ, ಎಣಗಾಯಿ ಮೇಲೆ ಎಣ್ಣೆ ಹೆಚ್ಚೇ ಹಾಕಿದೆ.

ಸಾವ್ಕಾರ ಒಳಗಿನಿಂದ ಎರಡು ರೇಷ್ಮೆ ಸೀರೆ ತಂದು ಆತನ ಪಕ್ಕದಲ್ಲಿಟ್ಟ. ಮನೆಯವರಿಗೆ ಎಂದ. ಸಾಹೇಬ ಸೀರೆ ಮುಟ್ಟಿ ನೋಡಿದ. ಆಮೇಲೆ ಶೇಂಗಾ ಹೋಳಿಗೆ ಬಾಯಲ್ಲಿಟ್ಟುಕೊಂಡು ಹೇಳಿದ: ವಿಮಾನ ನಿಂತದ್ದನ್ನು ನಾನು ನೋಡಿದ್ದೇನೆ, ಸರಿಯಾಗಿ ನಿಂತಿದೆ, ಹಾರಿದ್ದನ್ನು ನಾನು ನೋಡಿಲ್ಲ. ಎಲ್ಲರೂ ನಕ್ಕರು. ಸಂಜೆಯ ಬಸ್ಸಿಗೆ ಆತ ಹೋದ. ಆ ಎರಡು ಸೀರೆಯಲ್ಲಿ ಒಂದು ನಮ್ಮ ಮಗ್ಗದ್ದು.

ಮನೆಗೆ ಬಂದು ಗಂಡನಿಗೆ ಹೇಳಿದೆ. 'ಸರ್ಕಾರದಾಂವನ ಬ್ಯಾಡ ಅಂದಾನ. ಹಿಂದ ಯಾರೂ ಕೂಡಬಾರದಂತ. ನೀವು ಹೋಗಬ್ಯಾಡ್ರಿ.'

'ಬ್ಯಾಡ ಅಂದವ್ನ ಹೋಳಿಗಿ ತಿಂದು ಹೋದ್ನಂತಲ್ಲ,' ಎಂದು ಆತ ನಗುತ್ತಲೇ ಹೊಸ ಅಂಗಿಗೆ ಗುಂಡಿ ಹಚ್ಚಿಕೊಂಡ.

ಆ ದಿನ ಇಡೀ ಇಳಕಲ್ಲು ಮಾಳಿಗೆಯ ಮೇಲಿತ್ತು. ನಮ್ಮ ಕಡೆಯ ಮನೆಗಳ ಮಾಳಿಗೆಯೆಂದರೆ ಮಣ್ಣಿನ ಸಪಾಟು ಮೇಲ್ಛಾವಣಿ, ಒಂದರಿಂದ ಇನ್ನೊಂದಕ್ಕೆ ದಾಟಬಹುದು. ನಮ್ಮ ಓಣಿಯವರೆಲ್ಲ ನಮ್ಮ ಮಾಳಿಗೆಯ ಮೇಲೇ ಸೇರಿದ್ದರು, ಯಾಕೆಂದರೆ ಹಾರುವವ ನಮ್ಮ ಮನೆಯವ. ಮೊದಲು ಸದ್ದು ಬಂತು, ಆಮೇಲೆ ವಿಮಾನ, ಅದರ ಹಿಂದೆ ಕೆಂಪು ಸೆರಗು, ಸೆರಗಿನ ಹಿಂದೆ ಗಾಳಿಯಲ್ಲಿ ಒಲೆಯುತ್ತ ಕರಿ ಒಡಲು. ಖರೆ ಹೇಳಬೇಕೆಂದರೆ ಬಹಳ ಚಂದ ಕಂಡಿತು. ಕುಣಿಯಿಂದ ಆತ ಎದೆಯವರೆಗೆ ಮೇಲೆದ್ದು ಎರಡೂ ಕೈ ಬೀಸಿದ. ಓಣಿಗೆ ಓಣಿಯೇ ಆತನ ಹೆಸರು ಹಿಡಿದು ಕೂಗಿತು. ಮುದುಕರು, ಗಂಡಸರು, ಹೆಂಗಸರು, ಎಲ್ಲರೂ. ಎಲ್ಲರಿಗಿಂತ ಜೋರು ಎದುರು ಮನೆಯ ಅಕ್ಕನದು.

'ನೀನೂ ಒದರಬೇ! ಈ ಗದ್ದಲದಾಗ ಯಾವ ದೇವರಿಗೆ ಕೇಳಸ್ತೈತಿ!' ಎಂದು ಆಕೆ ನನ್ನನ್ನು ತಿವಿದಳು. ನಾನು ಸೆರಗು ಬಾಯಿಗೆ ತುರುಕಿಕೊಂಡು ನಿಂತೆ.

ವಿಮಾನ ಮುಂದೆ ಹುನಗುಂದಕ್ಕೆ ಹೋಗಬೇಕಿತ್ತು. ಹೋಗಲಿಲ್ಲ. ಸಾವ್ಕಾರ ತನ್ನ ಮಹಡಿಯ ಮೇಲೆ ನಿಂತು ಬಿಳಿ ಪಂಚೆ ಬೀಸಿ, ಇನ್ನೊಮ್ಮೆ, ಕೆಳಗೆ ಬಾ ಎಂದು ಸನ್ನೆ ಮಾಡಿದ. ವಿಮಾನ ತಿರುಗಿ ಕೆಳಗೆ ಬಂತು. ತಿರುಗುವಾಗ ಬಟ್ಟೆ ಸಡಿಲಾಗಿ, ಹಗ್ಗದ ಮೇಲೆ ಒಣಹಾಕಿದ ಸೀರೆ ಗಾಳಿಗೆ ಮಗುಚುವಂತೆ ಮಗುಚಿ, ವಿಮಾನದ ಬಾಲಕ್ಕೆ ಸುತ್ತಿಕೊಂಡಿತು. ಈಗ ಕೊಂಡಿ ಹರಿಯಬೇಕಿತ್ತು. ಹರಿಯಲಿಲ್ಲ. ನಾವು ಹಾಕಿದ ಕೊಂಡಿ ಅದು, ಯಾಕೆ ಹರಿದೀತು? ವಿಮಾನ ಕುಡಿದವನಂತೆ ಹುನಗುಂದದ ದಾರಿಯ ಕಡೆ ಓಲಾಡುತ್ತ ಹೋಯಿತು. ಅದು ನೆಲ ಮುಟ್ಟುವ ಮೊದಲೇ ಅದರಿಂದ ಏನೋ ಒಂದು ಕೆಳಗೆ ಬಿತ್ತು. ಅಷ್ಟು ದೂರದಿಂದ ಅದು ಬಟ್ಟೆಯ ಗಂಟಿನಂತೆ ಕಂಡಿತು.

ನಾನು ಓಡಿದೆ. ಹತ್ತಿ ಹೊಲದಲ್ಲಿ ಹಾರಿಸುವವ ಹಣೆಗೆ ಕರವಸ್ತ್ರ ಒತ್ತಿಕೊಂಡು ನಿಂತಿದ್ದ. ಸಾವ್ಕಾರನ ಆಳುಗಳು ನನಗಿಂತ ಮೊದಲೇ ಬಂದಿದ್ದರು, ಸೀರೆ ಸುತ್ತಿ ಗಾಡಿಗೆ ಹಾಕುತ್ತಿದ್ದರು. ನನ್ನ ಗಂಡ ಅಲ್ಲೇ ಮಗ್ಗುಲಲ್ಲಿ ಕರಿ ಮಣ್ಣಿನಲ್ಲಿ ಬಿದ್ದಿದ್ದ. 'ಮೊದಲ ಮನಷ್ಯಾನ್ನ ಎತ್ರೋ ಹಾಳಾಗಿ ಹೋಗವ್ರ!' ಎಂದು ನಾನು ಚೀರಿದ ಮೇಲೆ ಎತ್ತಿದರು.

ಬಾಗಲಕೋಟೆಯ ದವಾಖಾನೆಯಲ್ಲಿ ಆತ ಉಳಿದ. ಸೊಂಟದಿಂದ ಕೆಳಗೆ ಮಾತ್ರ ಜೀವ ಬರಲಿಲ್ಲ. ಮಗ್ಗದ ಕುಣಿಯಲ್ಲಿ ಇಳಿಬಿಡಲು ಇನ್ನು ಕಾಲಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಾಯಿತು. ಆತ ಹಾರಿದ್ದನ್ನೇ ಹೇಳುತ್ತಿದ್ದ. ಹೇಳುವಾಗ ಮುಖಕ್ಕೆ ಒಂದು ಕಳೆ ಬರುತ್ತಿತ್ತು.

'ನಮ್ಮ ಮಾಳಿಗಿ ಕಂಡ್ತು ಗೊತ್ತನು? ಹಸರ ಸೀರಿ ಉಟ್ಟಿದ್ದಿ. ಎಲ್ಲಾರೂ ಕೈ ಎತ್ತಿದ್ರು, ನೀ ಒಬ್ಬಾಕೀನ ಸುಮ್ಮ ನಿಂತಿದ್ದಿ. ಮ್ಯಾಲಿಂದ ನೋಡಿದ್ರ ಸಾವ್ಕಾರನ ಮನಿ, ನಮ್ಮ ಮನಿ ಅಷ್ಟಕ್ಕಷ್ಟ. ಖರೇನ. ಏನೂ ಫರಕ ಇಲ್ಲ.'

ಮುರಿದ ಸೊಂಟ ಇಟ್ಟುಕೊಂಡು ಇದನ್ನು ಹೇಳಿ ನಗುತ್ತಿದ್ದ. ಆಗ ನಾನು ಮನಸ್ಸಿನಲ್ಲಿ ಒಂದು ಗಟ್ಟಿ ಮಾಡಿಕೊಂಡೆ. ಕಾಲು ಹೋಯಿತು, ಹೋಗಲಿ. ಈತ ಹಾರಿದ್ದ ಎಂಬುದನ್ನು ಸರ್ಕಾರ ಒಪ್ಪಬೇಕು. ಕರೆದುಕೊಂಡು ಹೋಗಿ ಬೀಳಿಸಿದವರು ಬೀಳಿಸಿದ್ದೇವೆ ಎಂದು ಹೇಳಬೇಕು, ಈತನ ಹೊಣೆ ಹೊರಬೇಕು.

ಸಾವ್ಕಾರ ಸೇಬು ಹಣ್ಣು ಹಿಡಿದುಕೊಂಡು ಬಂದ. ಅತ್ತೆಯೂ ಜೊತೆಗಿದ್ದಳು. ಮಂಚದ ತುದಿಗೆ ಕೂತು ಮೆಲ್ಲಗೆ ಹೇಳಿದ.

'ಚೌಕಶಿಗೆ ಸಾಹೇಬ ಬರಾಕತ್ಯಾನ. ವಿಮಾನದಾಗ ಹಾರಸಾಂವ ಒಬ್ಬನ ಇದ್ದ ಅಂತ ಹೇಳಬೇಕು. ಇಲ್ಲಂದ್ರ ಹಾರಸಾಂವನ ಲೈಸನ್ಸ ಹೊಕ್ಕೈತಿ, ನಾನೂ ಒಳಗ ಹೋಗ್ತೇನಿ. ಇಂವಾ ನೋಡಾಕ ಹೋಗಿ ಮಾಳಿಗಿ ಮ್ಯಾಲಿಂದ ಬಿದ್ದಾನ, ತಿಳೀತಿಲ್ಲೋ?'

'ಊರಿಗೆ ಊರ ನೋಡೇತ್ರಿ,' ಎಂದೆ.

'ಊರು ಏನ ನೋಡೇತಿ ಅನ್ನೂದು ಊರಿಗೆ ಬಿಡವಾ. ನಾ ಒಳಗ ಹೋದ್ರ ನೂಲ ಎಲ್ಲಿಂದ ಬರಬೇಕು? ಇಡೀ ಓಣಿ ವಿಚಾರ ಮಾಡು.'

ನಾನು ಗಂಡನ ಮುಖ ನೋಡಿದೆ. ಆತ ಗೋಡೆಯ ಕಡೆ ನೋಡುತ್ತಿದ್ದ. ಅತ್ತೆ ಸೇಬು ಹಣ್ಣು ತೆಗೆದುಕೊಂಡು ತನ್ನ ಉಡಿಯಲ್ಲಿ ಹಾಕಿಕೊಂಡಳು.

ಚೌಕಶಿಗೆ ಬಂದ ಸಾಹೇಬ ಯಾರೆಂದು ತಿಳಿದಿರಿ? ಅದೇ ಹೋಳಿಗೆಯವನು! ನಮ್ಮ ಓಣಿಯ ಬೇವಿನ ಮರದ ಕಟ್ಟೆಯ ಮೇಲೆ ಕುರ್ಚಿ ಹಾಕಿದ್ದರು. ಆತನಿಗೆ ಕನ್ನಡ ಬಾರದು, ಆದ್ದರಿಂದ ನಮ್ಮ ಮಾತನ್ನು ಹಿಂದಿಯಲ್ಲಿ ಹೇಳಲು ಪಕ್ಕದ ಕುರ್ಚಿಯಲ್ಲಿ ಸಾವ್ಕಾರನೇ ಕೂತಿದ್ದ. ಕಳ್ಳನ ಕೈಗೆ ಕೀಲಿ ಕೊಟ್ಟಂತೆ ಇತ್ತು ಆ ವ್ಯವಸ್ಥೆ. ಓಣಿಯ ಗಂಡಸರು ಒಬ್ಬೊಬ್ಬರಾಗಿ ಬಂದರು. ವಿಮಾನ ನೋಡಿದಿರಾ? ನೋಡಿದೆವು. ಒಳಗೆ ಎಷ್ಟು ಜನ? ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಕಾಣಲಿಲ್ಲ. ಒಬ್ಬನೂ ಪೂರಾ ಸುಳ್ಳು ಹೇಳಲಿಲ್ಲ, ಎಲ್ಲರೂ ಬಿಸಿಲಿನ ಮೇಲೆ ಹಾಕಿ ಕೈ ತೊಳೆದುಕೊಂಡರು.

ನನ್ನನ್ನು ಯಾರೂ ಕರೆದಿರಲಿಲ್ಲ. ನಾನೇ ಹೋಗಿ ಕಟ್ಟೆಯ ಮುಂದೆ ನಿಂತೆ. ಅತ್ತೆ ಹಿಂದಿನಿಂದ ಸೀರೆ ಜಗ್ಗಿದಳು.

'ನಮ್ಮ ಮನಿಯವ್ರು ವಿಮಾನದಾಗ ಇದ್ರು,' ಎಂದೆ. ಸಾವ್ಕಾರ ಅದನ್ನು ಹಿಂದಿಯಲ್ಲಿ ಹೇಳತೊಡಗಿದ. ನಾನು ಹೇಳಿದ್ದು ಒಂದು ಮಾತು, ಆತ ಹೇಳುತ್ತಿದ್ದುದು ಪುರಾಣ. ನನಗೆ ತಲೆ ಕೆಟ್ಟಿತು. 'ಥಾ ಸಾಬ್! ಉಪರ್ ಥಾ! ಮೇರಾ ಆದ್ಮೀ ಉಪರ್ ಥಾ!' ನನ್ನ ಗಂಡ ಮೇಲಿದ್ದ ಎಂದು ನನಗೆ ಬಂದ ಹಿಂದಿಯಲ್ಲೇ ಕೂಗಿಬಿಟ್ಟೆ.

ಸಾಹೇಬ ತಲೆ ಎತ್ತಿ ನನ್ನನ್ನು ನೋಡಿದ. ಗುರುತು ಹತ್ತಿತೋ ಇಲ್ಲವೋ ಹೇಳಲಾರೆ. ರೊಟ್ಟಿ ಬಡಿಸುವವರ ಮುಖವನ್ನು ಯಾರು ನೋಡುತ್ತಾರೆ? ಪೆನ್ನು ತೆಗೆದು ಕೇಳಿದ.

'ನಾಮ್?'

ಗಂಡನ ಹೆಸರು ಕೇಳುತ್ತಿದ್ದಾನೆಂದು ನನಗೆ ತಿಳಿಯಿತು. ನಾನು ಹಿಂದಕ್ಕೆ ತಿರುಗಿದೆ.

ಅಭ್ಯಾಸಬಲ. ಹೆಸರು ಕೇಳಿದರೆ ತಿರುಗುವುದು, ತಿರುಗಿದರೆ ಯಾರಾದರೂ ಹೇಳುವುದು. ಅವತ್ತು ಹಿಂದೆ ಇಡೀ ಓಣಿ ನಿಂತಿತ್ತು, ಮಾಳಿಗೆಯ ಮೇಲೆ ಗಂಟಲು ಹರಿಯುವಂತೆ ಆ ಹೆಸರು ಕೂಗಿದವರೇ ಎಲ್ಲ. ಒಬ್ಬರ ಬಾಯಿಯೂ ತೆರೆಯಲಿಲ್ಲ. ನಾನು ಎದುರು ಮನೆಯ ಅಕ್ಕನನ್ನೇ ನೋಡಿದೆ. ಆಕೆ ತನ್ನ ಕಾಲುಂಗುರ ನೋಡುತ್ತ ನಿಂತಳು. ಸಾಹೇಬ ಇನ್ನೊಮ್ಮೆ 'ನಾಮ್?' ಎಂದ. ಆಕೆಗೆ ಹೆಸರು ಗೊತ್ತಿಲ್ಲ ಸಾಬ್, ತಲೆ ಸರಿಯಿಲ್ಲ ಎಂದು ಸಾವ್ಕಾರ ಹೇಳಿದ.

ಆಗ ನಾನು ಹೇಳಿದೆ. ಒಡಪಿಲ್ಲ, ಪ್ರಾಸವಿಲ್ಲ. ಗಂಡನ ಹೆಸರು, ಅಡ್ಡಹೆಸರು, ಮಾವನ ಹೆಸರು, ಓಣಿಗೆಲ್ಲ ಕೇಳುವಂತೆ ಹೇಳಿದೆ. ಅತ್ತೆ, 'ಅಯ್ಯ ನನ್ನ ಶಿವನೆ, ಮಗನ್ನ ನುಂಗಿದ್ಲಲ್ಲೋ!' ಎಂದು ಬಾಯಿ ಬಡಿದುಕೊಂಡಳು. ಅಷ್ಟೊತ್ತು ಸುಮ್ಮನಿದ್ದ ಹೆಂಗಸರಿಗೆ ಈಗ ದನಿ ಬಂತು. ಗಂಡನ ಹೆಸರು ಹಿಡಿದಳು, ಸಾಹೇಬನ ಮುಂದೆ ಹಿಡಿದಳು ಎಂದು ಗುಜುಗುಜು ಎದ್ದಿತು. ಆತ ವಿಮಾನದಿಂದ ಬಿದ್ದಾಗಲೂ ಅಷ್ಟು ಹೌಹಾರಿರಲಿಲ್ಲ ಅವರು.

ಸಾಹೇಬ ಹೆಸರು ಬರೆದುಕೊಂಡ. ಬಿದ್ದವನನ್ನೇ ಕೇಳೋಣ ಎಂದ. ನನ್ನನ್ನೂ ಜೀಪಿನ ಹಿಂದೆ ಕೂಡಿಸಿಕೊಂಡರು. ಬಾಗಲಕೋಟೆ ಬರುವವರೆಗೆ ನಾನು ಒಂದೇ ಸಮಾಧಾನ ಹೇಳಿಕೊಂಡೆ: ಆತ ಹೇಳುತ್ತಾನೆ. ಬೇರೆ ಯಾರು ಹೇಳದಿದ್ದರೂ ಆತ ಹೇಳದೆ ಇರಲಾರ. ಮ್ಯಾಲಿಂದ ನಮ್ಮ ಮಾಳಿಗಿ ಕಂಡ್ತು ಅಂದವನಲ್ಲವೇ.

ಸಾಹೇಬ ಮಂಚದ ಪಕ್ಕ ನಿಂತು ಕೇಳಿದ. ಸಾವ್ಕಾರ ಕನ್ನಡದಲ್ಲಿ ಹೇಳಿದ. ನಾನು ಗಂಡನ ಕಾಲ ಹತ್ತಿರ ನಿಂತಿದ್ದೆ. ಆತ ನನ್ನನ್ನು ನೋಡಲಿಲ್ಲ.

'ನಾ ಮಾಳಿಗಿ ಮ್ಯಾಲಿಂದ ಬಿದ್ದೇನ್ರಿ ಸಾಹೇಬ್ರ,' ಎಂದ.

ನಿನ್ನ ಹೆಂಡತಿ ಬೇರೆ ಹೇಳುತ್ತಾಳಲ್ಲ, ನಿನ್ನ ಹೆಸರು ಕೂಡ ಹೇಳಿದಳು ಎಂದು ಸಾಹೇಬ ಕೇಳಿಸಿದ.

ಆತ ಹೊದಿಕೆಯ ಅಂಚು ಎಳೆದುಕೊಂಡ. ಆಮೇಲೆ ಹೇಳಿದ, 'ಗಂಡನ ಹೆಸರ ಹಿಡದು ನಾಕು ಮಂದ್ಯಾಗ ಒದರಾಕಿ ಮಾತು ಏನ ಹಿಡೀತೀರ್ರಿ? ನಾ ಬಿದ್ದಾಗಿಂದ ಆಕೀಗೆ ತಲಿ ಸರಿಯಿಲ್ರಿ.'

ಅಷ್ಟೊತ್ತಿನವರೆಗೆ ಸಾವ್ಕಾರ ಯಾರ ಮಾತನ್ನೂ ನೆಟ್ಟಗೆ ಹೇಳಿರಲಿಲ್ಲ. ಇದನ್ನು ಮಾತ್ರ ಒಂದಕ್ಷರ ಬಿಡದೆ ಹಿಂದಿಯಲ್ಲಿ ಹೇಳಿದ. ಸಾಹೇಬ ಬರೆದದ್ದಕ್ಕೆ ಅಡ್ಡಗೆರೆ ಎಳೆದ. ಹೋಗುವಾಗ ನನ್ನ ಪಕ್ಕ ಒಂದು ಕ್ಷಣ ನಿಂತು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡ. ಆತನಿಗೆ ಎಲ್ಲ ಗೊತ್ತಿತ್ತು. ಮೊದಲ ಸಲವೂ ಎಲ್ಲ ಗೊತ್ತಿತ್ತು.

'ನಿನ್ನ ಸಲುವಾಗೇ ಹಂಗ ಅಂದೆ,' ಎಂದು ಅವರು ಹೋದ ಮೇಲೆ ಗಂಡ ಹೇಳಿದ. 'ನಾಳೆ ಊಟಕ್ಕೇನ ಮಾಡ್ತಿದ್ದಿ?'

'ಮಾಳಿಗಿಂದ ಬಿದ್ದೆ ಅಂದ್ರಿ, ಅಲ್ಲಿಗೆ ಮುಗೀತಿತ್ತು,' ಎಂದೆ. 'ನನ್ನ ಹುಚ್ಚಿ ಯಾಕ ಮಾಡಿದ್ರಿ?'

ಆತ ನೀರಿನ ತಂಬಿಗೆ ಕೇಳಿದ, ಕೊಟ್ಟೆ.

ನೂಲು ತಪ್ಪದೆ ಬಂತು. ನಾನು ಮಗ್ಗಕ್ಕೆ ಕೂತೆ, ಆತ ಗೋಡೆಗೆ ಒರಗಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿದ. ಮರುವರ್ಷ ಹತ್ತಿಗೆ ಔಷಧ ಹೊಡೆಯಲು ಅದೇ ಕರಿ ಕನ್ನಡಕದವನು ಬಂದ. ಸಾವ್ಕಾರ ಆ ಉದ್ದನೆಯ ಸೀರೆಯನ್ನು ಕತ್ತರಿಸಿ ಬಾಗಲಕೋಟೆಯ ಅಂಗಡಿಗೆ ಪರದೆ ಮಾಡಿಸಿದ. ಕೊಂಡಿ ಇದ್ದ ತುಂಡನ್ನು ಬಾಗಿಲಿಗೇ ಹಾಕಿದ್ದ. ಒಂದು ಸಲ ಹೋದಾಗ ಜಗ್ಗಿ ನೋಡಿದೆ, ಹಾಗೇ ಗಟ್ಟಿಯಾಗಿತ್ತು. ಆ ಪೇಟೆ ಈಗ ಅಣೆಕಟ್ಟಿನ ಹಿನ್ನೀರಿನ ಕೆಳಗೆ ಹೋಗಿದೆ. ಎದುರು ಮನೆಯ ಅಕ್ಕ ಆಮೇಲೆ ರೇಷನ್ ಅಂಗಡಿಯಲ್ಲಿ ಎಂದಿನಂತೆ ನನ್ನ ಗಂಡನ ಹೆಸರು ಹೇಳಲು ಬಾಯಿ ತೆರೆದಳು. 'ಸುಮ್ಮನಿರ್ರಿ, ನಿಮಗ ಬಿಸಲಾಗ ಕಾಣೂದಿಲ್ಲ,' ಎಂದೆ. ಅವತ್ತಿನಿಂದ ನಾನು ಕಾರ್ಡನ್ನೇ ಮುಂದೆ ಹಿಡಿದು ತೋರಿಸುತ್ತಿದ್ದೆ, ಬಾಯಿ ತೆರೆಯುತ್ತಿರಲಿಲ್ಲ.

ಆತ ಬಹಳ ವರ್ಷ ಬದುಕಿದ. ನಾನು ಹೆಸರು ಹೇಳಿದ್ದರಿಂದ ಆಯುಷ್ಯವೇನೂ ಕಡಿಮೆಯಾಗಲಿಲ್ಲ, ಅದನ್ನು ಅತ್ತೆ ನೋಡಿಯೇ ಹೋದಳು. ತೊಳೆದೆ, ಉಣಿಸಿದೆ, ಹೊರಳಿಸಿದೆ. ಅದರಲ್ಲಿ ಕಮ್ಮಿ ಮಾಡಲಿಲ್ಲ. ಎಲ್ಲಾದರೂ ವಿಮಾನದ ಸದ್ದಾದರೆ ಆತನ ಕೈಯಲ್ಲಿನ ಕಂಡಿಕೆ ನಿಲ್ಲುತ್ತಿತ್ತು, ಕುತ್ತಿಗೆ ಬೆಳಕಿಂಡಿಯ ಕಡೆ ತಿರುಗುತ್ತಿತ್ತು. ನಾನು ಬೇಕೆಂದೇ ಮಗ್ಗದ ಸದ್ದು ಜೋರು ಮಾಡುತ್ತಿದ್ದೆ.

ಕಡೆಯ ದಿನಗಳಲ್ಲಿ, ಗಂಜಿ ಕುಡಿಸುವಾಗ, ಆತ ನನ್ನ ಕೈ ಹಿಡಿದುಕೊಂಡ.

'ಬಾದಾಮ್ಯಾಗ ಅಂದಿದ್ನಲ್ಲ, ಹೆಸರ ಹಿಡದು ಕರಿ ಅಂತ. ಈಗ ಒಮ್ಮೆ ಕರಿ.'

ಮನೆಯಲ್ಲಿ ಯಾರೂ ಇರಲಿಲ್ಲ. ಕೇಳಲು ಮಂಗಗಳೂ ಇರಲಿಲ್ಲ. ನಾನು ಆತನ ಗದ್ದ ಒರೆಸಿದೆ.

'ಹುಚ್ಚಿ ಬಾಯಾಗಿನ ಹೆಸರು ತಗೊಂಡು ಏನ್ಮಾಡ್ತೀರಿ, ಗಂಜಿ ಕುಡೀರಿ,' ಎಂದೆ.

ಕುಡಿದ. ಇಷ್ಟೆಲ್ಲ ಹೇಳಿದೆ, ಆತನ ಹೆಸರು ಹೇಳಿಲ್ಲ. ಮರ್ಯಾದೆಗೆ ಅಂತ ಯಾರೂ ತಿಳಿಯಬೇಡಿ.